ಎಲ್ವೀರ್ ಪೊಪೆಸ್ಕೊ: ಹುಟ್ಟೂರಿನ ಉಚ್ಚಾರಣೆಯೊಂದಿಗೆ ಪ್ಯಾರಿಸ್ಸನ್ನು ಗೆದ್ದ ನಟಿ

ನಮ್ಮ ಅಭ್ಯಾಸ ಬೋಧನೆಯ ಸಂಚಿಕೆಗೆ ಜೀವನ ಪರಿಚಯ ಬರೆಯುವವರು ಸಾಮಾನ್ಯವಾಗಿ ವಿಜ್ಞಾನಿಗಳನ್ನೋ ಶಿಕ್ಷಣ ತಜ್ಞರನ್ನೋ ಆರಿಸಿಕೊಳ್ಳುತ್ತಾರೆ. ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರಿ, ಗಣಿತ ಮತ್ತು ಭೌತವಿಜ್ಞಾನವನ್ನು ಬೋಧನಾ ವಿಷಯಗಳಾಗಿ ತೆಗೆದುಕೊಂಡಿರುವ ನಾನೂ ಅದೇ ದಾರಿ ಹಿಡಿಯುತ್ತೇನೆಂದು ಸಹಪಾಠಿಗಳು ಅಂದುಕೊಂಡಿದ್ದರು. ಆದರೆ ನಾನು ಆರಿಸಿಕೊಂಡದ್ದು ಒಬ್ಬ ನಟಿಯನ್ನು. ರೊಮೇನಿಯದಲ್ಲಿ ಹುಟ್ಟಿ, ಪ್ಯಾರಿಸ್ಸಿನ ರಂಗಭೂಮಿ ಮತ್ತು ಚಲನಚಿತ್ರಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳಗಿದ ಎಲ್ವೀರ್ ಪೊಪೆಸ್ಕೊ ಅವರು.

ಇದಕ್ಕೆ ಕಾರಣವಿದೆ. ಅಭ್ಯಾಸ ಬೋಧನೆಯಲ್ಲಿ ನಮ್ಮ ಕೈಯಲ್ಲಿರುವ ಮೊದಲ ಬೋಧನೋಪಕರಣ ನಮ್ಮ ಧ್ವನಿ. ಚಾರ್ಟು, ಮಾದರಿ, ಕಪ್ಪುಹಲಗೆ ಎಲ್ಲ ಆಮೇಲೆ. ವೀಕ್ಷಣಾ ಹಾಳೆಯಲ್ಲಿ ಧ್ವನಿ ಮತ್ತು ಉಚ್ಚಾರಣೆಗೆ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲಿನ ಮುಂದೆ ಬೀಳುವ ಷರಾ ನಮ್ಮಲ್ಲಿ ಎಷ್ಟೋ ಜನರ ಧೈರ್ಯ ಕುಗ್ಗಿಸಿದೆ, ಕೆಲವರಿಗೆ ಸರಿಯಾದ ದಾರಿಯನ್ನೂ ತೋರಿಸಿದೆ. ಧ್ವನಿಯನ್ನೇ ನೆಚ್ಚಿಕೊಂಡು ಬದುಕಿದ, ಪರಭಾಷೆಯಲ್ಲಿ ಹುಟ್ಟೂರಿನ ಉಚ್ಚಾರಣೆಯನ್ನು ಕೊನೆಯವರೆಗೂ ಬಿಡದ ಒಬ್ಬ ಕಲಾವಿದೆಯ ಬದುಕು ಆ ಸಾಲಿನ ಬಗ್ಗೆ ನಮಗೆ ಏನನ್ನಾದರೂ ಕಲಿಸಬಹುದೇ ಎಂದು ನೋಡುವುದು ಈ ಬರಹದ ಉದ್ದೇಶ.

ಬಾಲ್ಯ ಮತ್ತು ತರಬೇತಿ

ಎಲ್ವಿರಾ ಪೊಪೆಸ್ಕು ಹುಟ್ಟಿದ್ದು 1894ರ ಮೇ ತಿಂಗಳಲ್ಲಿ, ರೊಮೇನಿಯದ ರಾಜಧಾನಿ ಬುಕಾರೆಸ್ಟ್‌ನಲ್ಲಿ. ಆಗ ರೊಮೇನಿಯ ಎಳೆಯ ರಾಜ್ಯ. ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದ ಹಿಡಿತದಿಂದ ಅದು ಬಿಡಿಸಿಕೊಂಡು, ಅದರ ಸ್ವಾತಂತ್ರ್ಯಕ್ಕೆ ಯುರೋಪಿನ ಮನ್ನಣೆ ಸಿಕ್ಕಿ ಇನ್ನೂ ಇಪ್ಪತ್ತು ವರ್ಷ ಕಳೆದಿರಲಿಲ್ಲ. ಅಲ್ಲಿನ ಭಾಷೆ ಲ್ಯಾಟಿನ್ ಮೂಲದ್ದು; ಫ್ರೆಂಚ್, ಇಟಾಲಿಯನ್ ಭಾಷೆಗಳಿಗೆ ಅಕ್ಕತಂಗಿಯಂತಿರುವ ಭಾಷೆ. ಓದಿದ ಮನೆತನಗಳಲ್ಲಿ ಫ್ರೆಂಚ್ ಕಲಿಯುವುದು ವಾಡಿಕೆಯಾಗಿತ್ತು. ಬುಕಾರೆಸ್ಟ್ ನಗರವನ್ನು ಪುಟ್ಟ ಪ್ಯಾರಿಸ್ ಎಂದು ಕರೆಯುತ್ತಿದ್ದರು. ನಾಟಕ, ಉಡುಪು, ಕಟ್ಟಡ ಎಲ್ಲದಕ್ಕೂ ಆ ಊರು ಪ್ಯಾರಿಸ್ಸಿನ ಕಡೆ ನೋಡುತ್ತಿತ್ತು.

ಎಲ್ವಿರಾ ಚಿಕ್ಕ ವಯಸ್ಸಿನಲ್ಲೇ ಬುಕಾರೆಸ್ಟ್‌ನ ನಾಟಕ ಶಿಕ್ಷಣ ಸಂಸ್ಥೆಯಾದ ಕನ್ಸರ್ವೇಟರಿಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರುಗಳು ಇಬ್ಬರು: ಕೊನ್‌ಸ್ಟಾಂಟಿನ್ ನೊಟ್ಟಾರಾ ಮತ್ತು ಅರಿಸ್ಟಿಟ್ಸಾ ರೊಮಾನೆಸ್ಕು. ಇಬ್ಬರೂ ಆ ಕಾಲದ ರೊಮೇನಿಯನ್ ರಂಗಭೂಮಿಯ ಹಿರಿಯ ನಟರು. ಸಂಜೆ ತಾವೇ ರಂಗದ ಮೇಲೆ ಅಭಿನಯಿಸಿ, ಹಗಲಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರು ಪ್ರಾತ್ಯಕ್ಷಿಕೆ ಕೊಡಬಲ್ಲ ಗುರುಗಳು. ಹದಿನಾರನೆಯ ವಯಸ್ಸಿನಲ್ಲಿಯೇ ಎಲ್ವಿರಾ ಬುಕಾರೆಸ್ಟ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ವೇದಿಕೆ ಹತ್ತಿದರು.

ಧ್ವನಿವರ್ಧಕವಿಲ್ಲದ ಕಾಲ ಅದು. ಮೇಲಿನ ಅಂತಸ್ತಿನ ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಮಾತು ತಲುಪಬೇಕು. ಆದರೆ ಕೂಗಿದಂತೆ ಕೇಳಿಸಬಾರದು. ಪಿಸುಮಾತನ್ನೂ ದೂರಕ್ಕೆ ಕಳಿಸಬೇಕು. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ಭಾರ ಹಾಕಬೇಕು, ಪ್ರೇಕ್ಷಕರು ನಕ್ಕಾಗ ಎಷ್ಟು ಹೊತ್ತು ಕಾಯಬೇಕು, ನಗು ಇನ್ನೂ ಪೂರ್ತಿ ಇಳಿಯುವ ಮೊದಲೇ ಮುಂದಿನ ಮಾತನ್ನು ಹೇಗೆ ಎತ್ತಿಕೊಳ್ಳಬೇಕು ಎಂಬುದನ್ನು ನಟರು ವರ್ಷಗಟ್ಟಲೆ ರೂಢಿಸಿಕೊಳ್ಳುತ್ತಿದ್ದರು. ಸೂಕ್ಷ್ಮಬೋಧನೆಯಲ್ಲಿ ನಾವು ಒಂದೊಂದೇ ಕೌಶಲವನ್ನು ಬಿಡಿಸಿ ಅಭ್ಯಾಸ ಮಾಡುವ ಹಾಗೆಯೇ ಇದೂ. ಪೊಪೆಸ್ಕೊ ಅವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ಈ ಹತ್ತು-ಹನ್ನೆರಡು ವರ್ಷಗಳ ಬುನಾದಿಯನ್ನು ಮರೆಯಬಾರದು.

1912ರಲ್ಲಿ ಬುಕಾರೆಸ್ಟ್‌ನಲ್ಲಿ ‘ರೊಮೇನಿಯದ ಸ್ವಾತಂತ್ರ್ಯ’ ಎಂಬ ಮೂಕಿ ಚಿತ್ರ ತೆರೆಕಂಡಿತು. 1877ರ ಯುದ್ಧದ ಕಥೆ. ಸೈನ್ಯವೇ ತನ್ನ ಸೈನಿಕರನ್ನು ಚಿತ್ರೀಕರಣಕ್ಕೆ ಕಳಿಸಿಕೊಟ್ಟಿತ್ತು. ರಾಷ್ಟ್ರೀಯ ರಂಗಮಂದಿರದ ನಟನಟಿಯರೇ ಮುಖ್ಯ ಪಾತ್ರಗಳಲ್ಲಿದ್ದರು. ಗುರು ನೊಟ್ಟಾರಾ ಅವರದು ತುರ್ಕಿ ಸೇನಾಪತಿಯ ಪಾತ್ರ. ಹದಿಹರೆಯದ ಎಲ್ವಿರಾ ಕೂಡ ಅದರಲ್ಲಿ ಕಾಣಿಸಿಕೊಂಡರು. ನಮ್ಮ ದೇಶದಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾದದ್ದು ಇದರ ಮರುವರ್ಷ, 1913ರಲ್ಲಿ, ಎಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ. ಅಂದರೆ ಪೊಪೆಸ್ಕೊ ಚಲನಚಿತ್ರ ಹುಟ್ಟಿ ನಡೆಯಲು ಕಲಿಯುತ್ತಿದ್ದಾಗಲೇ ಅದರ ಜೊತೆಗಿದ್ದವರು.

ಸ್ವಂತ ರಂಗಮಂದಿರ

ಮೊದಲ ಮಹಾಯುದ್ಧ ರೊಮೇನಿಯವನ್ನು ಬಿಡಲಿಲ್ಲ. 1916ರ ಕೊನೆಗೆ ಬುಕಾರೆಸ್ಟ್ ಶತ್ರು ಸೈನ್ಯದ ವಶವಾಯಿತು. 1918ರವರೆಗೂ ಆ ಸ್ಥಿತಿ ಮುಂದುವರಿಯಿತು. ಯುದ್ಧ ಮುಗಿದು ರಾಜ್ಯ ವಿಸ್ತಾರವಾದ ಮೇಲೆ ನಗರದಲ್ಲಿ ಹೊಸ ಹುರುಪು ಬಂತು, ಖಾಸಗಿ ನಾಟಕ ಕಂಪನಿಗಳು ತಲೆಯೆತ್ತಿದವು. 1919ರಲ್ಲಿ ಪೊಪೆಸ್ಕೊ ಎಕ್ಸೆಲ್ಸಿಯರ್ ರಂಗಮಂದಿರದ ಕಲಾ ನಿರ್ದೇಶಕಿಯಾದರು. 1921ರಲ್ಲಿ ‘ಚಿಕ್ಕ ರಂಗಮಂದಿರ’ ಎಂಬ ಅರ್ಥದ ಹೆಸರಿನ ಇನ್ನೊಂದು ಸಂಸ್ಥೆಯನ್ನು ತಾವೇ ಕಟ್ಟಿದರು. ಇಪ್ಪತ್ತೈದು-ಇಪ್ಪತ್ತೇಳರ ವಯಸ್ಸು, ನಮ್ಮ ತರಗತಿಯ ಹಲವರ ವಯಸ್ಸೇ. ನಾಟಕ ಆರಿಸುವುದು, ನಟರನ್ನು ಗೊತ್ತುಮಾಡುವುದು, ಟಿಕೆಟ್ಟಿನ ಲೆಕ್ಕ ನೋಡುವುದು ಎಲ್ಲವೂ ನಿರ್ದೇಶಕಿಯ ತಲೆಯ ಮೇಲೆ. ಈ ಅನುಭವ ಮೂವತ್ತೈದು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿ ಕೆಲಸಕ್ಕೆ ಬರುವುದಿತ್ತು.

ಈ ನಡುವೆ ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು. ಮೊದಲ ಪತಿ ಔರೆಲ್ ಅತನಸೆಸ್ಕು ಕೂಡ ನಟರು. ಎರಡನೆಯ ಪತಿ ಇಯೊನ್ ಮನೊಲೆಸ್ಕು-ಸ್ಟ್ರುಂಗಾ ರಾಜಕಾರಣಿ. 1930ರ ದಶಕದಲ್ಲಿ ರೊಮೇನಿಯದ ಮಂತ್ರಿಯಾದವರು. ಎರಡನೆಯ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಆಡಳಿತ ಹಳೆಯ ಮಂತ್ರಿಗಳನ್ನೆಲ್ಲ ಸೆರೆಗೆ ತಳ್ಳಿದಾಗ, ಅವರು ಸಿಗೆತ್ ಎಂಬ ಊರಿನ ಸೆರೆಮನೆಯಲ್ಲಿ 1951ರಲ್ಲಿ ತೀರಿಕೊಂಡರು. ಪೊಪೆಸ್ಕೊ ಅಷ್ಟರಲ್ಲಿ ಪ್ಯಾರಿಸ್ಸಿನವರಾಗಿ ಹೋಗಿದ್ದರು. ಅವರ ಮೂರನೆಯ ಮದುವೆ ಫ್ರಾನ್ಸಿನ ಒಬ್ಬ ಕೌಂಟ್ ಜೊತೆ ಆಯಿತು.

ಪ್ಯಾರಿಸ್ಸಿಗೆ

ಪೊಪೆಸ್ಕೊ ಅವರನ್ನು ಪ್ಯಾರಿಸ್ಸಿಗೆ ತಂದವರು ಲೂಯಿ ವೆರ್ನೋಯ್ ಎಂಬ ಫ್ರೆಂಚ್ ನಾಟಕಕಾರ. ಜನಪ್ರಿಯ ಹಾಸ್ಯ ನಾಟಕಗಳನ್ನು ಬರೆಯುವುದರಲ್ಲಿ ಅವರು ಎತ್ತಿದ ಕೈ. ಈ ನಟಿಯ ಅಭಿನಯ ನೋಡಿದ ಅವರು ಫ್ರೆಂಚ್ ಭಾಷೆಯಲ್ಲೇ ಅಭಿನಯಿಸುವಂತೆ ಒಪ್ಪಿಸಿದರು. 1923ರಲ್ಲಿ ‘ವಾರ್ಸಾದ ನನ್ನ ಸೋದರಸಂಬಂಧಿ’ ಎಂಬ ನಾಟಕ ಪ್ಯಾರಿಸ್ಸಿನ ವೇದಿಕೆ ಏರಿತು. ಪೋಲೆಂಡಿನಿಂದ ಬಂದಿಳಿಯುವ ಹೆಂಗಸೊಬ್ಬಳು ಫ್ರೆಂಚ್ ಸಂಸಾರವೊಂದನ್ನು ತಲೆಕೆಳಗು ಮಾಡುವ ಕಥೆ. ಆಗ ಪೊಪೆಸ್ಕೊ ಅವರಿಗೆ ಇಪ್ಪತ್ತೊಂಬತ್ತು. ನಾಟಕ ಗೆದ್ದಿತು. ಎಲ್ವಿರಾ ಪೊಪೆಸ್ಕು ಎಂಬ ಹೆಸರು ಫ್ರೆಂಚರ ಬಾಯಿಯಲ್ಲಿ ಎಲ್ವೀರ್ ಪೊಪೆಸ್ಕೊ ಆಯಿತು. ಮುಂದಿನ ವರ್ಷಗಳಲ್ಲಿ ವೆರ್ನೋಯ್ ಅವರಿಗಾಗಿಯೇ ನಾಟಕದ ಮೇಲೆ ನಾಟಕ ಬರೆದರು.

ಒಂದು ವಿಷಯ ಗಮನಿಸಿ. ಹೆಸರನ್ನು ಫ್ರೆಂಚರಿಗೆ ಒಗ್ಗಿಸಿಕೊಂಡ ಅವರು ಉಚ್ಚಾರಣೆಯನ್ನು ಒಗ್ಗಿಸಿಕೊಳ್ಳಲಿಲ್ಲ. ವ್ಯಾಕರಣ, ಪದಸಂಪತ್ತು, ಮಾತಿನ ವೇಗ ಎಲ್ಲ ಫ್ರೆಂಚಿನದೇ. ಆದರೆ ‘ರ’ ಮಾತ್ರ ರೊಮೇನಿಯದ್ದು. ಬಾಯಿ ತೆರೆದ ಕೂಡಲೇ ಇವರು ಪರದೇಶದವರು ಎಂದು ಕುರುಡನಿಗೂ ತಿಳಿಯುತ್ತಿತ್ತು. ಆ ‘ರ’ವೇ ಅವರ ಗುರುತಾಯಿತು, ಅನುಕರಣೆ ಮಾಡುವವರಿಗೆ ಸರಕಾಯಿತು, ಪೋಸ್ಟರಿನ ಮೇಲಿನ ಹೆಸರಿಗಿಂತ ಮೊದಲೇ ಪ್ರೇಕ್ಷಕರ ಕಿವಿಯಲ್ಲಿ ನಿಂತಿತು.

ಆ ‘ರ’ದ ವಿಜ್ಞಾನ

ಇಲ್ಲಿ ನನ್ನೊಳಗಿನ ವಿಜ್ಞಾನ ವಿದ್ಯಾರ್ಥಿ ಸ್ವಲ್ಪ ಮಾತಾಡಬೇಕು. ನಾವು ಕನ್ನಡದಲ್ಲಿ ‘ರ’ ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ವಸಡನ್ನು ತಟ್ಟುತ್ತದೆ. ಒತ್ತಿ ಉರುಳಿಸಿ ಹೇಳಿದರೆ ಶ್ವಾಸಕೋಶದಿಂದ ಬರುವ ಗಾಳಿ ನಾಲಗೆಯ ತುದಿಯನ್ನು ತಳ್ಳುತ್ತದೆ. ಸಂದಿಯಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿನ ಒತ್ತಡ ಕುಗ್ಗುತ್ತದೆ, ನಾಲಗೆ ಮತ್ತೆ ಮೇಲಕ್ಕೆ ಹೋಗುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 25ರಿಂದ 30 ಸಲ ತುದಿ ಕಂಪಿಸುತ್ತದೆ. ರೊಮೇನಿಯನ್ ಭಾಷೆಯ ‘ರ’ ಈ ಜಾತಿಯದು. ಪ್ಯಾರಿಸ್ಸಿನ ‘ರ’ ಬೇರೆ. ಅಲ್ಲಿ ನಾಲಗೆಯ ತುದಿಗೆ ಕೆಲಸವೇ ಇಲ್ಲ. ನಾಲಗೆಯ ಹಿಂಭಾಗ ಕಿರುನಾಲಗೆಯ ಹತ್ತಿರಕ್ಕೆ ಹೋಗಿ ಗಂಟಲಿನಲ್ಲಿ ಉಜ್ಜಿದಂತೆ ಶಬ್ದವಾಗುತ್ತದೆ. ಆ ಕಾಲದಲ್ಲಿ ಫ್ರಾನ್ಸಿನ ಹಳ್ಳಿಗಾಡಿನ ಎಷ್ಟೋ ಕಡೆ ಜನ ತುದಿನಾಲಗೆಯ ‘ರ’ವನ್ನೇ ಬಳಸುತ್ತಿದ್ದರು. ರಾಜಧಾನಿಯ ‘ರ’ ಶಿಷ್ಟವಾಯಿತು, ಹಳ್ಳಿಯದು ಗಾವಿಲವಾಯಿತು. ಗಾಳಿ, ಸ್ನಾಯು, ಒತ್ತಡಗಳಿಗೆ ಈ ಮೇಲುಕೀಳು ಗೊತ್ತಿಲ್ಲ. ಅದನ್ನು ಸೇರಿಸಿದ್ದು ಸಮಾಜ.

ವಯಸ್ಕರಾದ ಮೇಲೆ ಉಚ್ಚಾರಣೆಯನ್ನು ಬದಲಿಸುವುದು ಏಕೆ ಕಷ್ಟ? 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಇಂಗ್ಲಿಷ್ ಮಾತಾಡುವ ಮನೆಗಳ ಆರೆಂಟು ತಿಂಗಳ ಕೂಸುಗಳು ಗುರುತಿಸುತ್ತಿದ್ದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿರುತ್ತಿತ್ತು, ಏಕೆಂದರೆ ಮನೆಯ ಮಾತಿನಲ್ಲಿ ಆ ವ್ಯತ್ಯಾಸವಿಲ್ಲ. ಕನ್ನಡದಲ್ಲೂ ಇರುವ ಆ ‘ತ’, ‘ಟ’ಗಳನ್ನು ನಮ್ಮ ಮಕ್ಕಳು ಸಲೀಸಾಗಿ ಹಿಡಿಯುತ್ತಾರೆ. ಕಿವಿ ಮೊದಲ ವರ್ಷದಲ್ಲೇ ಮನೆಯ ಮಾತಿಗೆ ಹದಗೊಳ್ಳುತ್ತದೆ; ನಾಲಗೆ ಅದರ ಹಿಂದೆಯೇ ಹೋಗುತ್ತದೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸ ಭಾಷೆಯ ರಂಗಭೂಮಿಗೆ ಇಳಿದವರ ಬಾಯಲ್ಲಿ ಹುಟ್ಟೂರು ಉಳಿಯುವುದು ಸೋಮಾರಿತನವಲ್ಲ, ದೇಹದ ಇತಿಹಾಸ.

ಬಾಗಿಲೂ ಹೌದು, ಗೋಡೆಯೂ ಹೌದು

1931ರಲ್ಲಿ ‘ವಾರ್ಸಾದ ನನ್ನ ಸೋದರಸಂಬಂಧಿ’ ಟಾಕಿ ಚಿತ್ರವಾಯಿತು. ಮೂಕಿಯಿಂದ ಟಾಕಿಗೆ ಚಲನಚಿತ್ರ ಹೊರಳಿದ ಆ ಕಾಲದಲ್ಲಿ ಉಚ್ಚಾರಣೆಯ ಕಾರಣದಿಂದಲೇ ಹಲವು ದೇಶಗಳಲ್ಲಿ ಎಷ್ಟೋ ನಟರ ಬದುಕು ಮುಗಿದಿತ್ತು. ಪೊಪೆಸ್ಕೊ ಅವರಿಗೆ ಮಾತ್ರ ಧ್ವನಿ ಬಂದದ್ದು ಅನುಕೂಲವಾಯಿತು. 1933ರಲ್ಲಿ ಝಾಕ್ ದೆವಾಲ್ ಬರೆದ ‘ತೊವಾರಿಚ್’ ನಾಟಕ ಬಂತು. ರಷ್ಯಾದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ರಾಜವಂಶದ ಗಂಡಹೆಂಡಿರು ಪ್ಯಾರಿಸ್ಸಿನಲ್ಲಿ ಕಾಸಿಲ್ಲದೆ ಬದುಕುತ್ತಾರೆ. ಝಾರ್ ದೊರೆ ನಂಬಿ ಒಪ್ಪಿಸಿದ ಅಪಾರ ಹಣ ಬ್ಯಾಂಕಿನಲ್ಲಿದೆ. ಅದರಲ್ಲಿ ಒಂದು ಕಾಸನ್ನೂ ಮುಟ್ಟುವುದಿಲ್ಲ. ಶ್ರೀಮಂತರ ಮನೆಯಲ್ಲಿ ಆಳುಗಳಾಗಿ ಸೇರುತ್ತಾರೆ. ಪೊಪೆಸ್ಕೊ ಅವರದು ಕೆಲಸದವಳಾದ ರಾಜಕುಮಾರಿಯ ಪಾತ್ರ. ಜನ ನಕ್ಕರು, ನಗುತ್ತಲೇ ದೇಶಬಿಟ್ಟವರ ದುಃಖವನ್ನೂ ಕಂಡರು. ನಾಟಕ ಎಷ್ಟು ಹೆಸರಾಯಿತೆಂದರೆ 1937ರಲ್ಲಿ ಹಾಲಿವುಡ್ ಕೂಡ ಅದನ್ನು ಚಿತ್ರ ಮಾಡಿತು.

1937ರ ‘ಹಸಿರು ಕೋಟು’ ಚಿತ್ರದ ಬಗ್ಗೆ ವಿಶೇಷವಾಗಿ ಹೇಳಬೇಕು. ಹಸಿರು ಕೋಟು ಫ್ರೆಂಚ್ ಅಕಾಡೆಮಿಯ ಸದಸ್ಯರ ಸಮವಸ್ತ್ರ. 1635ರಲ್ಲಿ ಸ್ಥಾಪನೆಯಾದ ಆ ಅಕಾಡೆಮಿಯ ಕೆಲಸವೇ ಫ್ರೆಂಚ್ ಭಾಷೆಯ ಶುದ್ಧಿಯನ್ನು ಕಾಯುವುದು. ಆ ಸಂಸ್ಥೆಯನ್ನು ಗೇಲಿಮಾಡುವ ಕಥೆಯಲ್ಲಿ ಡ್ಯೂಕ್ ಒಬ್ಬನ ಹೆಂಡತಿಯಾಗಿ, ಪರದೇಶದ ‘ರ’ವನ್ನು ಉರುಳಿಸುತ್ತ ಓಡಾಡಿದವರು ಪೊಪೆಸ್ಕೊ. ಭಾಷೆಯ ಕಾವಲುಗಾರರ ನಡುವೆ ಭಾಷೆಯ ಹೊರಗಿನವಳನ್ನು ನಿಲ್ಲಿಸಿದಾಗ ಯಾರು ನಗೆಪಾಟಲಾದರು ಎಂದು ಪ್ರೇಕ್ಷಕರೇ ಕಂಡರು.

1939ರಲ್ಲಿ ಬಂದ ಸಾಶಾ ಗಿತ್ರಿಯವರ ‘ಅವರು ಒಂಬತ್ತು ಬ್ರಹ್ಮಚಾರಿಗಳು’ ಚಿತ್ರದ ಹಾಸ್ಯದ ಅಡಿಯಲ್ಲಿ ಭಯವಿದೆ. ವಿದೇಶೀಯರನ್ನು ಫ್ರಾನ್ಸಿನಿಂದ ಹೊರಹಾಕುವ ಆಜ್ಞೆ ಹೊರಡುತ್ತದೆ. ಉಳಿದುಕೊಳ್ಳಬೇಕಾದ ವಿದೇಶಿ ಹೆಂಗಸರಿಗೆ ಫ್ರೆಂಚ್ ಗಂಡ ಬೇಕು. ಚತುರನೊಬ್ಬ ವೃದ್ಧ ಬ್ರಹ್ಮಚಾರಿಗಳನ್ನು ಕೂಡಿಹಾಕಿ ಕಾಗದದ ಮದುವೆ ಮಾಡಿಸುತ್ತಾನೆ. ಪೊಪೆಸ್ಕೊ ಅಲ್ಲಿ ಪೋಲೆಂಡಿನ ಕೌಂಟೆಸ್. ಚಿತ್ರ ಕೇವಲ ಕಲ್ಪನೆಯಲ್ಲ. ಹಿಂದಿನ ವರ್ಷವೇ, 1938ರಲ್ಲಿ, ಫ್ರೆಂಚ್ ಸರ್ಕಾರ ವಿದೇಶೀಯರ ಮೇಲೆ ಬಿಗಿಯಾದ ಆಜ್ಞೆಗಳನ್ನು ಹೊರಡಿಸಿತ್ತು. ಅಂಥ ಹೊತ್ತಿನಲ್ಲಿ ಪರಕೀಯ ಉಚ್ಚಾರಣೆ ಎಂದರೆ ನಗುವಿನ ವಿಷಯ ಮಾತ್ರವಲ್ಲ, ಪೊಲೀಸರ ಕಿವಿಗೆ ಬೀಳುವ ವಿಷಯವೂ ಹೌದು.

ಈಗ ಅವರ ಪಾತ್ರಗಳನ್ನು ಒಮ್ಮೆ ಪಟ್ಟಿಮಾಡಿ ನೋಡಿ. ಪೋಲೆಂಡಿನ ಸೋದರಸಂಬಂಧಿ, ರಷ್ಯಾದ ರಾಜಕುಮಾರಿ, ಪೋಲೆಂಡಿನ ಕೌಂಟೆಸ್. 1940ರಲ್ಲಿ ಆಬೆಲ್ ಗಾನ್ಸ್ ನಿರ್ದೇಶಿಸಿದ ‘ಕಳೆದುಹೋದ ಸ್ವರ್ಗ’ದಲ್ಲಿ ಮತ್ತೆ ರಷ್ಯಾದ ಹೆಸರಿನ ರಾಜಕುಮಾರಿ. ಸಾಮಾನ್ಯ ಫ್ರೆಂಚ್ ಗೃಹಿಣಿ, ರೈತಳು, ಶಾಲಾ ಶಿಕ್ಷಕಿ ಇಲ್ಲಿ ಕಾಣುವುದಿಲ್ಲ. ಉಚ್ಚಾರಣೆ ಅವರಿಗೆ ಒಂದು ಬಾಗಿಲು ತೆರೆಯಿತು. ಅದೇ ಉಚ್ಚಾರಣೆ ಪಕ್ಕದಲ್ಲಿ ಗೋಡೆಯಾಗಿಯೂ ನಿಂತಿತು. ಅವರ ಊರಿನವರೇ ಆದ ಇನ್ನೊಬ್ಬ ನಟಿ ಮಾರಿಯಾ ವೆಂಟುರಾ ಎಳೆಯ ವಯಸ್ಸಿನಲ್ಲೇ ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ ಕಲಿತು, ಫ್ರೆಂಚರ ರಾಷ್ಟ್ರೀಯ ನಾಟಕಶಾಲೆ ಕೊಮೆದಿ ಫ್ರಾನ್ಸೇಸ್‌ನ ಸದಸ್ಯೆಯಾಗಿ, ಅಭಿಜಾತ ದುರಂತ ನಾಟಕಗಳ ನಾಯಕಿಯಾದರು. ಪೊಪೆಸ್ಕೊ ಆ ಮನೆಯೊಳಗೆ ಹೋಗಲಿಲ್ಲ. ಅವರದು ಜನಸಾಮಾನ್ಯರು ಟಿಕೆಟ್ಟು ಕೊಂಡು ನಗಲು ಬರುವ ಬುಲೆವಾರ್ಡ್ ರಂಗಭೂಮಿ. ಒಂದೇ ಊರಿನ ಇಬ್ಬರು ಹೆಣ್ಣುಮಕ್ಕಳು ಎರಡು ದಾರಿಗಳಲ್ಲಿ ನಡೆದರು. ಎರಡೂ ಗೌರವದ ದಾರಿಗಳೇ. ಉಚ್ಚಾರಣೆ ಹೇಗಿದ್ದರೂ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಆಗುತ್ತದೆ. ಆದರೆ ಅದರಿಂದ ಎಲ್ಲವೂ ಮುಗಿಯುವುದಿಲ್ಲ.

ಅರವತ್ತರ ಮೇಲೆ

ಬಹುತೇಕ ನಟಿಯರಿಗೆ ಪಾತ್ರಗಳು ನಿಂತುಹೋಗುವ ವಯಸ್ಸಿನಲ್ಲಿ ಪೊಪೆಸ್ಕೊ ಅವರಿಗೆ ಹೊಸ ಪಾತ್ರಗಳು ಬಂದವು. 1949ರಲ್ಲಿ ಆಂದ್ರೆ ರುಸ್ಸಾಂ ಬರೆದ ‘ನೀನಾ’, 1957ರಲ್ಲಿ ಅವರದೇ ‘ಲಾ ಮಮ್ಮಾ’ ದೊಡ್ಡ ಯಶಸ್ಸು ಕಂಡವು. 1954ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಝಾನ್ ಕಾಕ್ಟೊ ಅವರ ‘ನರಕದ ಯಂತ್ರ’ದಲ್ಲಿ ರಾಣಿ ಜೊಕಾಸ್ಟಾ ಆದರು. ಗ್ರೀಕರ ಈಡಿಪಸ್ ಕಥೆಯನ್ನು ಆಧರಿಸಿದ ನಾಟಕ. ಝಾನ್ ಮಾರೆ ಈಡಿಪಸ್, ಎಳೆಯ ನಟಿ ಝಾನ್ ಮೊರೊ ಸಿಂಹಿಣಿ ಸ್ಫಿಂಕ್ಸ್. ಜೊಕಾಸ್ಟಾ ಪರದೇಶದ ರಾಜಮನೆತನಗಳ ಧಾಟಿಯಲ್ಲಿ ಮಾತಾಡಬೇಕೆಂದು ಕಾಕ್ಟೊ ನಾಟಕ ಬರೆಯುವಾಗಲೇ ಸೂಚಿಸಿದ್ದರು. ಅಷ್ಟು ವರ್ಷ ನಗಿಸಿದ ಅದೇ ‘ರ’ ಈ ಸಲ ದುರಂತದ ರಾಣಿಯ ಬಾಯಲ್ಲಿ ಸಲ್ಲಿತು. 1960ರಲ್ಲಿ ಗಾನ್ಸ್ ಅವರ ‘ಆಸ್ಟರ್ಲಿಟ್ಸ್’ ಚಿತ್ರದಲ್ಲಿ ಅವರು ನೆಪೋಲಿಯನ್ನನ ತಾಯಿ ಲೆಟಿಜಿಯಾ ಆದರು. ಕಾರ್ಸಿಕಾ ದ್ವೀಪದ ಆ ತಾಯಿ ಚಕ್ರವರ್ತಿಯ ಅರಮನೆಯಲ್ಲಿದ್ದೂ ಇಟಾಲಿಯನ್ ಧಾಟಿಯಲ್ಲೇ ಫ್ರೆಂಚ್ ಮಾತಾಡುತ್ತಿದ್ದವರು. ಅದೇ ವರ್ಷ ರೆನೆ ಕ್ಲೆಮಾನ್ ಅವರ, ಅಲೆನ್ ದೆಲೊನ್ ನಾಯಕರಾಗಿದ್ದ ‘ಉರಿಬಿಸಿಲು’ ಚಿತ್ರದಲ್ಲೂ ಸಣ್ಣ ಪಾತ್ರ ಮಾಡಿದರು.

ಅಭಿನಯದ ಜೊತೆಗೆ ಆಡಳಿತ. 1956ರಿಂದ 1965ರವರೆಗೆ ಥಿಯೇಟರ್ ದ ಪಾರಿ, 1965ರಿಂದ 1978ರವರೆಗೆ ಥಿಯೇಟರ್ ಮಾರಿನ್ಯಿ ಅವರ ನಿರ್ದೇಶನದಲ್ಲಿ ನಡೆದವು. 1978ಕ್ಕೆ ಅವರಿಗೆ ಎಂಬತ್ತನಾಲ್ಕು. ಈ ಅವಧಿಯ ಒಂದು ಘಟನೆ ನನಗೆ ತುಂಬ ಮುಖ್ಯವೆನಿಸುತ್ತದೆ. 1961ರಲ್ಲಿ ಥಿಯೇಟರ್ ದ ಪಾರಿಯಲ್ಲಿ ಇಟಲಿಯ ನಿರ್ದೇಶಕ ಲುಕಿನೊ ವಿಸ್ಕೊಂಟಿ ಹಳೆಯ ಇಂಗ್ಲಿಷ್ ನಾಟಕವೊಂದನ್ನು ಫ್ರೆಂಚಿನಲ್ಲಿ ಪ್ರದರ್ಶಿಸಿದರು. ನಾಯಕಿ ವಿಯೆನ್ನಾದಲ್ಲಿ ಹುಟ್ಟಿದ, ಜರ್ಮನ್ ಮಾತಾಡುವ ರೋಮಿ ಶ್ನೈಡರ್, ನಾಯಕ ದೆಲೊನ್. ಶ್ನೈಡರ್ ಆವರೆಗೆ ರಂಗದ ಮೇಲೆ ನಟಿಸಿದವರಲ್ಲ; ಫ್ರೆಂಚಂತೂ ಇನ್ನೂ ಕಲಿಯುತ್ತಿದ್ದ ಭಾಷೆ. ಕಷ್ಟಪಟ್ಟು ಉಚ್ಚಾರಣೆ ತಿದ್ದಿಕೊಂಡು ಆ ಪಾತ್ರ ಮಾಡಿದರು, ಮುಂದೆ ಫ್ರೆಂಚ್ ಚಿತ್ರರಂಗದ ಅಚ್ಚುಮೆಚ್ಚಿನ ತಾರೆಯಾದರು. ಪರಭಾಷೆಯ ಹುಡುಗಿಯೊಬ್ಬಳು ನಡುಗುತ್ತ ಮೊದಲ ಹೆಜ್ಜೆ ಇಟ್ಟ ಆ ವೇದಿಕೆ ಮೂವತ್ತೆಂಟು ವರ್ಷ ಹಿಂದೆ ತಾನೂ ಪರಭಾಷೆಯವಳಾಗಿ ಬಂದವಳ ಆಡಳಿತದಲ್ಲಿತ್ತು. ಒಬ್ಬರು ಉಚ್ಚಾರಣೆ ಉಳಿಸಿಕೊಂಡು ಬೆಳೆದರು, ಇನ್ನೊಬ್ಬರು ತಿದ್ದಿಕೊಂಡು ಬೆಳೆದರು. ಇಬ್ಬರಿಗೂ ಬೇಕಾಗಿದ್ದುದು ನಿಲ್ಲಲು ಒಂದು ವೇದಿಕೆ.

ಪ್ಯಾರಿಸ್ಸಿನ ಹೊರಗೆ, ಮೆಝಿ ಎಂಬ ಊರಿನಲ್ಲಿ, ಹೆಸರಾಂತ ಉಡುಪು ವಿನ್ಯಾಸಕ ಪೌಲ್ ಪುವಾರೆಗಾಗಿ ವಾಸ್ತುಶಿಲ್ಪಿ ರಾಬೇರ್ ಮಾಲೆ-ಸ್ಟೀವನ್ಸ್ ಕಟ್ಟಲು ಆರಂಭಿಸಿ, ಪುವಾರೆ ದಿವಾಳಿಯಾದ್ದರಿಂದ ಅರ್ಧಕ್ಕೆ ನಿಂತಿದ್ದ ಮನೆಯೊಂದಿತ್ತು. 1930ರ ದಶಕದಲ್ಲಿ ಪೊಪೆಸ್ಕೊ ಅದನ್ನು ಕೊಂಡು ಪೂರ್ತಿ ಮಾಡಿಸಿ, 1980ರ ದಶಕದವರೆಗೂ ಇಟ್ಟುಕೊಂಡಿದ್ದರು. ಫ್ರಾನ್ಸ್ ಅವರಿಗೆ ಲೆಜಿಯನ್ ದೊನರ್ ಗೌರವ ನೀಡಿತು. 1987ರಲ್ಲಿ ಮೊಲಿಯೇರ್ ರಂಗಪ್ರಶಸ್ತಿಯ ಗೌರವ ಪುರಸ್ಕಾರವೂ ಸಂದಿತು. 1993ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು. ಪೇರ್ ಲಾಶೇಸ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ.

ನಮ್ಮ ತರಗತಿಗೆ ಇದರಿಂದ ಏನು?

ನಾನು ಅಭ್ಯಾಸ ಬೋಧನೆ ಮಾಡಿದ ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಉಷ್ಣದ ಪಾಠದಲ್ಲಿ, ಬಿಸಿಯಾದಾಗ ಲೋಹಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವಳ ಪುಸ್ತಕದಲ್ಲಿ ಉತ್ತರ ಸರಿಯಾಗಿ ಬರೆದಿತ್ತು. ಕೈ ಮಾತ್ರ ಎತ್ತಲಿಲ್ಲ. ಅವಳ ಊರಿನ ಮಾತಿನಲ್ಲಿ ‘ಹ’ ಇಲ್ಲ; ಹಿಗ್ಗುತ್ತದೆ ಎಂಬುದು ಇಗ್ಗುತ್ತದೆ ಆಗುತ್ತದೆ, ತರಗತಿ ನಗುತ್ತದೆ. ಆ ನಗುವಿಗೆ ಹೆದರಿ ಒಂದು ಸರಿಯುತ್ತರ ಪುಸ್ತಕದಲ್ಲೇ ಉಳಿಯಿತು. ಇಗ್ಗುತ್ತದೆ ಎಂದರೂ ಲೋಹ ಹಿಗ್ಗುವುದು ನಿಲ್ಲುವುದಿಲ್ಲ. ಅವಳಿಗೆ ತತ್ತ್ವ ಗೊತ್ತಿತ್ತು. ಹಾಗೆಂದು ‘ಹ’ ಕಲಿಸಬಾರದೆಂದಲ್ಲ. ಹಾರು ಎನ್ನುವಲ್ಲಿ ಆರು ಎಂದರೆ ಅರ್ಥವೇ ಬೇರೆಯಾಗುತ್ತದೆ, ಬರವಣಿಗೆಯಲ್ಲಿ ತಪ್ಪಾಗುತ್ತದೆ. ಅದನ್ನು ಭಾಷಾ ಪಾಠದಲ್ಲಿ, ನಗುವಿಲ್ಲದೆ, ಕನ್ನಡಿ ಮುಂದೆ ಹಿಡಿದು ಉಸಿರಿನ ಹಬೆ ತೋರಿಸಿ ಕಲಿಸಬಹುದು. ವಿಜ್ಞಾನದ ಉತ್ತರದ ಬಾಗಿಲಿಗೆ ಅದನ್ನು ಚಿಲಕವಾಗಿ ಹಾಕಬಾರದು.

ಪೊಪೆಸ್ಕೊ ಅವರ ಬದುಕಿನಿಂದ ನಾನು ಕಲಿತದ್ದು ಇದು. ಅವರ ಮಾತಿನಲ್ಲಿ ಎರಡು ಸಂಗತಿಗಳಿದ್ದವು. ಒಂದು, ಕೊನೆಯ ಸಾಲಿನವರೆಗೂ ಮುಟ್ಟುವ ಸ್ಪಷ್ಟತೆ. ಅದು ಬುಕಾರೆಸ್ಟ್‌ನ ಗುರುಗಳಿಂದ, ವರ್ಷಗಳ ದುಡಿಮೆಯಿಂದ ಬಂದದ್ದು. ಇನ್ನೊಂದು, ಹುಟ್ಟೂರಿನ ಧಾಟಿ. ಅದು ತಾಯಿಯ ಮಡಿಲಿನಿಂದ ಬಂದದ್ದು. ಧಾಟಿ ಒಂದೇ ಇದ್ದಿದ್ದರೆ ಪ್ಯಾರಿಸ್ ಒಂದು ಹಂಗಾಮು ನಕ್ಕು ಮರೆತುಬಿಡುತ್ತಿತ್ತು. 1923ರಿಂದ 1978ರವರೆಗೆ ಐವತ್ತೈದು ವರ್ಷ ಆ ಊರಿನ ರಂಗಭೂಮಿಯಲ್ಲಿ ಅವರನ್ನು ನಿಲ್ಲಿಸಿದ್ದು ಸ್ಪಷ್ಟತೆಯ ದುಡಿಮೆ.

ಈ ಜೀವನವನ್ನು ಪ್ರೌಢಶಾಲೆಯಲ್ಲಿ ಬಳಸಲು ಸಹಪಾಠಿಗಳಿಗೆ ಮೂರು ಚಟುವಟಿಕೆ ಸೂಚಿಸುತ್ತೇನೆ. ಶಬ್ದದ ಪಾಠದಲ್ಲಿ ಮಕ್ಕಳಿಂದ ‘ರ’ ಉರುಳಿಸಿ ಹೇಳಿಸಿ, ಗದ್ದದ ಮೇಲೆ ಬೆರಳಿಟ್ಟು ಕಂಪನ ಗುರ್ತಿಸಲಿ. ಯುರೋಪಿನ ನಕ್ಷೆಯಲ್ಲಿ ಬುಕಾರೆಸ್ಟ್, ಪ್ಯಾರಿಸ್, ವಾರ್ಸಾ, ವಿಯೆನ್ನಾಗಳನ್ನು ಹುಡುಕಿ, ಯಾರು ಎಲ್ಲಿಂದ ಎಲ್ಲಿಗೆ ಹೋದರೆಂದು ಗೆರೆ ಎಳೆಯಲಿ. ತರಗತಿಯಲ್ಲಿ ಒಂದೇ ವಸ್ತುವಿಗೆ ಮಕ್ಕಳ ಮನೆಗಳಲ್ಲಿ ಎಷ್ಟು ಹೆಸರು, ಎಷ್ಟು ಉಚ್ಚಾರಣೆ ಇದೆ ಎಂದು ಅವರೇ ಪಟ್ಟಿ ಮಾಡಲಿ. ಶಿಕ್ಷಕರೂ ತಮ್ಮ ಮನೆಯದನ್ನು ಸೇರಿಸಲಿ.

ಶಿಕ್ಷಕ ಶಿಕ್ಷಕರಲ್ಲಿ ಒಂದು ವಿನಂತಿ. ವೀಕ್ಷಣಾ ಹಾಳೆಯಲ್ಲಿ ಧ್ವನಿ ಮತ್ತು ಉಚ್ಚಾರಣೆ ಎಂಬ ಒಂದೇ ಸಾಲನ್ನು ಎರಡಾಗಿ ಮಾಡಬಹುದೇ? ಕೊನೆಯ ಬೆಂಚಿಗೆ ಕೇಳಿಸಿತೇ, ಅರ್ಥವಾಯಿತೇ ಎಂಬುದು ಒಂದು ಸಾಲು. ಅದಕ್ಕೆ ಅಂಕ ಇರಲಿ, ಕಟ್ಟುನಿಟ್ಟಾಗಿಯೇ ಇರಲಿ. ಪ್ರಶಿಕ್ಷಣಾರ್ಥಿಯ ಊರು ಮಾತಿನಲ್ಲಿ ಕಾಣಿಸಿತೇ ಎಂಬುದು ಇನ್ನೊಂದು. ಅದಕ್ಕೆ ಅಂಕ ಬೇಡ. ಬೀದರ್, ಕುಂದಾಪುರ, ಮಂಡ್ಯ, ಬಳ್ಳಾರಿ ಎಲ್ಲ ಊರಿನ ಧಾಟಿಗಳೂ ನಮ್ಮ ಕಾಲೇಜಿನ ಒಂದೇ ಕೊಠಡಿಯಲ್ಲಿ ಕುಳಿತಿವೆ. ನಾಳೆ ಬೇರೆ ಬೇರೆ ಶಾಲೆಗಳಿಗೆ ಹೋಗಲಿವೆ. ಅಲ್ಲಿನ ಮಕ್ಕಳು ಕೈ ಎತ್ತುತ್ತಾರೋ ಇಲ್ಲವೋ ಎಂಬುದು, ನಾವು ನಮ್ಮ ಮಾತಿನ ಬಗ್ಗೆ ಎಷ್ಟು ನೆಮ್ಮದಿಯಿಂದಿದ್ದೇವೆ ಎಂಬುದನ್ನೂ ಅವಲಂಬಿಸಿರುತ್ತದೆ.